ಜ್ಯಾಕ್ ಇಲ್ಲದ ಫೋನಿಗೆ ಆಂಪ್: ಹೆಡ್‌ಫೋನ್ ನೋಡಿ ಆರಿಸುವ ಬಗೆ

ಹೆಡ್‌ಫೋನ್ ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಅಂಕಿ ಅಚ್ಚಾಗಿರುತ್ತವೆ: ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಎಷ್ಟು ಓಮ್, ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರಾಗಿ ಹಾಡುತ್ತದೆ ಎಂಬುದು) ಎಷ್ಟು ಡೆಸಿಬಲ್. ಆಂಪ್ (ಧ್ವನಿ ಸಂಕೇತವನ್ನು ಹೆಡ್‌ಫೋನ್ ನಡೆಸುವಷ್ಟು ಬಲಪಡಿಸುವ ಸಾಧನ) ಹುಡುಕುವ ಮೊದಲು ಅವೆರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಳಗಿನ ಚಿಪ್ ಯಾವುದು, ಎಷ್ಟು ಬಿಟ್, ಎಷ್ಟು ಕಿಲೋಹರ್ಟ್ಸ್ ಎಂಬುದೆಲ್ಲ ಆಮೇಲಿನ ಮಾತು. ನಿಮ್ಮ ಹೆಡ್‌ಫೋನಿಗೆ ಎಷ್ಟು ವೋಲ್ಟ್ ಬೇಕೆಂದು ಗೊತ್ತಾದರೆ ಮುಕ್ಕಾಲು ಪಾಲು ಆಯ್ಕೆ ಅಲ್ಲಿಗೇ ಮುಗಿಯುತ್ತದೆ. ಗೊತ್ತಿಲ್ಲದೆ ಕೊಂಡರೆ ಒಂದೋ ದನಿ ಸಾಲುವುದಿಲ್ಲ, ಇಲ್ಲವೇ ಹಾಡು ನಿಂತಾಗಲೆಲ್ಲ ಕಿವಿಯಲ್ಲಿ ಸುಯ್ ಎನ್ನುವ ಸದ್ದು ಉಳಿಯುತ್ತದೆ.

ಎಷ್ಟು ವೋಲ್ಟ್ ಬೇಕು

ಸೆನ್ಸಿಟಿವಿಟಿಯನ್ನು ಕೆಲವರು ಒಂದು ಮಿಲಿವ್ಯಾಟಿಗೆ ಇಷ್ಟು ಡೆಸಿಬಲ್ ಎಂದು ಬರೆಯುತ್ತಾರೆ, ಕೆಲವರು ಒಂದು ವೋಲ್ಟಿಗೆ ಇಷ್ಟು ಎಂದು. ಎರಡೂ ಬೇರೆ ಬೇರೆ. ಇಲ್ಲೇ ಹೆಚ್ಚಿನವರು ಎಡವುವುದು. ಮಿಲಿವ್ಯಾಟಿನ ಲೆಕ್ಕ ಕೊಟ್ಟಿದ್ದರೆ ಅದನ್ನು ವೋಲ್ಟಿನ ಲೆಕ್ಕಕ್ಕೆ ತನ್ನಿ. 16 ಓಮ್ ಇದ್ದರೆ 18 ಕೂಡಿಸಿ, 32 ಓಮ್‌ಗೆ 15, 80 ಓಮ್‌ಗೆ 11, 150 ಓಮ್‌ಗೆ 8, 250 ಓಮ್‌ಗೆ 6, 300 ಓಮ್‌ಗೆ 5. ಬಂದ ಮೊತ್ತವೇ ಒಂದು ವೋಲ್ಟ್ ಕೊಟ್ಟಾಗ ಆ ಹೆಡ್‌ಫೋನ್ ಹೊರಡಿಸುವ ಸದ್ದು.

ನಮಗೆ ಬೇಕಾದ ಗುರಿ 110 ಡೆಸಿಬಲ್. ಅಷ್ಟು ಜೋರಾಗಿ ಕೇಳಬೇಕೆಂದಲ್ಲ. 80ರ ಆಸುಪಾಸಿನಲ್ಲಿ ಕೇಳುತ್ತಿದ್ದರೂ ಮೃದಂಗದ ಒಂದು ಗಟ್ಟಿ ಪೆಟ್ಟು ಆ ಸರಾಸರಿಗಿಂತ 20 ಡೆಸಿಬಲ್ ಮೇಲೆ ಜಿಗಿಯಬಹುದು, ಈಕ್ವಲೈಸರ್ (ಬೇರೆ ಬೇರೆ ಸ್ವರಗಳನ್ನು ಏರಿಸಿ ಇಳಿಸುವ ಸೌಲಭ್ಯ) ಬಳಸುವವರಿಗೆ ಇನ್ನೂ 6ರಿಂದ 10 ಡೆಸಿಬಲ್ ಜಾಗ ಬೇಕಾಗುತ್ತದೆ. ಆ ಜಾಗ ಇಲ್ಲದಿದ್ದರೆ ಪೆಟ್ಟಿನ ತುದಿ ಚಪ್ಪಟೆಯಾಗಿ ಒಡಕು ದನಿ ಕೇಳುತ್ತದೆ.

110ರಲ್ಲಿ ನಿಮ್ಮ ಮೊತ್ತವನ್ನು ಕಳೆಯಿರಿ. ಉಳಿದದ್ದು ಸೊನ್ನೆಯಾದರೆ 1 ವೋಲ್ಟ್ ಸಾಕು. 6 ಉಳಿದರೆ 2 ವೋಲ್ಟ್, 8 ಉಳಿದರೆ 2.5, 12 ಉಳಿದರೆ 4. ಮೈನಸ್ 6 ಬಂದರೆ ಅರ್ಧ ವೋಲ್ಟ್, ಮೈನಸ್ 20 ಬಂದರೆ ಬರೀ 0.1 ವೋಲ್ಟ್.

ಮೂರು ಬಗೆಯ ಹೆಡ್‌ಫೋನಿಗೆ ಈ ಲೆಕ್ಕ ಹಾಕಿ ನೋಡೋಣ. ಕಿವಿಯೊಳಗೆ ಕೂರುವ 16 ಓಮಿನ, 105 ಡೆಸಿಬಲ್ಲಿನ ಇಯರ್‌ಫೋನ್: ಮೊತ್ತ 123, ಬೇಕಾದದ್ದು 0.22 ವೋಲ್ಟ್. ಯಾವ ಅಗ್ಗದ ಡಾಂಗಲ್ (ಫೋನಿನ ಪೋರ್ಟಿಗೆ ಚುಚ್ಚುವ ಪುಟ್ಟ ಆಂಪ್) ಆದರೂ ಇದನ್ನು ಸಲೀಸಾಗಿ ನಡೆಸುತ್ತದೆ. ಸ್ಟುಡಿಯೊಗಳಲ್ಲಿ ಕಾಣುವ 250 ಓಮಿನ, 96 ಡೆಸಿಬಲ್ಲಿನ ದೊಡ್ಡ ಹೆಡ್‌ಫೋನ್: ಮೊತ್ತ 102, ಬೇಕಾದದ್ದು 2.5 ವೋಲ್ಟ್. ಕರೆಂಟ್ ಮಾತ್ರ 10 ಮಿಲಿಆಂಪ್ ಸಾಕು. ಇನ್ನು 32 ಓಮಿನ, 91 ಡೆಸಿಬಲ್ಲಿನ ಪ್ಲೇನಾರ್ (ತೆಳು ಹಾಳೆ ಅಲುಗಿ ಸದ್ದು ಮಾಡುವ) ಹೆಡ್‌ಫೋನ್: ಮೊತ್ತ 106, ಬೇಕಾದದ್ದು 1.6 ವೋಲ್ಟ್. ನೋಡಲು ಹಗುರ ಅನ್ನಿಸುತ್ತದೆ, ಆದರೆ 32 ಓಮಿನ ಮೇಲೆ 1.6 ವೋಲ್ಟ್ ಎಂದರೆ 50 ಮಿಲಿಆಂಪ್ ಕರೆಂಟ್, 80 ಮಿಲಿವ್ಯಾಟ್ ಶಕ್ತಿ. ಸಣ್ಣ ಡಾಂಗಲ್‌ಗಳು ಸೋಲುವುದು ಹೆಚ್ಚಾಗಿ ಇಂಥ ಹೆಡ್‌ಫೋನ್ ಎದುರು. ವೋಲ್ಟ್ ಇರುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಕರೆಂಟ್ ಇರುವುದಿಲ್ಲ.

ಹಾಗಾಗಿ ಆಂಪ್‌ನ ವಿವರ ಓದುವಾಗ ಎರಡು ಸಾಲು ಹುಡುಕಿ: 32 ಓಮಿಗೆ ಎಷ್ಟು ಮಿಲಿವ್ಯಾಟ್, 300 ಓಮಿಗೆ ಎಷ್ಟು ವೋಲ್ಟ್. "ಗರಿಷ್ಠ ಶಕ್ತಿ" ಎಂದಷ್ಟೇ ಬರೆದು ಯಾವ ಓಮಿಗೆ, ಯಾವ ಸಾಕೆಟ್‌ನಲ್ಲಿ ಎಂದು ಹೇಳದ ಅಂಕಿಯನ್ನು ನಂಬಬೇಡಿ. ಹಲವು ಬಾರಿ ಅದು 4.4 ಎಂಎಂ ಬ್ಯಾಲೆನ್ಸ್ಡ್ ಸಾಕೆಟ್ಟಿನ (ಅದರ ವಿವರ ಮುಂದಿದೆ) ಅಂಕಿ. ನಿಮ್ಮ ವೈರಿನ ತುದಿಯಲ್ಲಿರುವುದು 3.5 ಎಂಎಂ ಪಿನ್ ಆಗಿದ್ದರೆ ಆ ಅಂಕಿ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ಒಳಗೆ ಚಿಪ್ ಇದೆಯೇ?

ಯುಎಸ್‌ಬಿ ಸಿ ಪಿನ್ನಿನಿಂದ 3.5 ಎಂಎಂಗೆ ಬದಲಿಸುವ ಗಿಡ್ಡ ವೈರುಗಳು ಎರಡು ಜಾತಿ, ಹೊರಗಿನಿಂದ ತದ್ರೂಪ. ಒಂದರೊಳಗೆ ಡಿಜಿಟಲ್ ಸಂಕೇತವನ್ನು ಧ್ವನಿಯಾಗಿಸುವ ಡಿಎಸಿ ಮತ್ತು ಪುಟ್ಟ ಆಂಪ್ ಇರುತ್ತವೆ. ಇನ್ನೊಂದು ಬರೀ ತಾಮ್ರದ ತಂತಿ. ಫೋನೇ ತನ್ನ ಯುಎಸ್‌ಬಿ ಪಿನ್ನುಗಳ ಮೂಲಕ ಅನಲಾಗ್ ಧ್ವನಿ ಕಳಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಆ ಸೌಲಭ್ಯ ಕೆಲವೇ ಆಂಡ್ರಾಯ್ಡ್ ಫೋನುಗಳಲ್ಲಿದೆ. "ಗೆಳೆಯನ ಫೋನಿನಲ್ಲಿ ಹಾಡಿತು, ನನ್ನದರಲ್ಲಿ ಮೂಕ" ಎನ್ನುವ ದೂರಿನ ಹಿಂದೆ ಬಹುಮಟ್ಟಿಗೆ ಇದೇ ಕಾರಣ.

ಪತ್ತೆ ಸುಲಭ. ಹೆಡ್‌ಫೋನ್ ಚುಚ್ಚಿಯೇ ವೈರನ್ನು ಕಂಪ್ಯೂಟರಿನ ಸಿ ಪೋರ್ಟಿಗೆ ಹಾಕಿ (ಕೆಲವು ಡಾಂಗಲ್‌ಗಳು ಪಿನ್ ಕೂರುವವರೆಗೂ ಎಚ್ಚರಗೊಳ್ಳುವುದಿಲ್ಲ). ಧ್ವನಿ ಸಾಧನಗಳ ಪಟ್ಟಿಯಲ್ಲಿ ಹೊಸ ಹೆಸರು ಮೂಡಿದರೆ ಒಳಗೆ ಚಿಪ್ ಇದೆ. ಮೂಡದಿದ್ದರೆ ಬರೀ ತಂತಿ.

ಆಪಲ್‌ನ ಸಿ ಪಿನ್ನಿನ ಪುಟ್ಟ ಅಡಾಪ್ಟರ್‌ನೊಳಗೆ ಚಿಪ್ ಇದೆ, ಅದು ನಿಜಕ್ಕೂ ಒಳ್ಳೆಯ ವಸ್ತು. ಸುಮಾರು 1 ವೋಲ್ಟ್ ಕೊಡುತ್ತದೆ, ಸದ್ದು ಶುದ್ಧ, ಔಟ್‌ಪುಟ್ ಇಂಪಿಡೆನ್ಸ್ (ಆಂಪ್‌ನದೇ ಒಳತಡೆ) 1 ಓಮಿನ ಆಸುಪಾಸು. ಯುರೋಪಿಗೆಂದು ಮಾಡಿದ ಮಾದರಿ ಮಾತ್ರ ಅದರ ಅರ್ಧದಷ್ಟೇ ವೋಲ್ಟ್ ಕೊಡುತ್ತದೆ. ಆದರೆ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಇದರ ದನಿ ತಗ್ಗಿ ಬರುತ್ತದೆ. ಅಡಾಪ್ಟರ್ ಒಳಗೆ ತನ್ನದೇ ಒಂದು ವಾಲ್ಯೂಮ್ ಇದ್ದು, ಅದು ತಗ್ಗಿದ ಮಟ್ಟದಲ್ಲಿ ಎಚ್ಚರಗೊಳ್ಳುತ್ತದೆ. ಫೋನ್ ಅದನ್ನು ಏರಿಸದೆ ತನ್ನ ವಾಲ್ಯೂಮನ್ನಷ್ಟೇ ಏರಿಸುತ್ತದೆ. ಯುಎಸ್‌ಬಿಯನ್ನು ನೇರವಾಗಿ ತಾನೇ ನಡೆಸುವ ಪ್ಲೇಯರ್ ಆ್ಯಪ್ ಬಳಸಿದರೆ ಆ ಆ್ಯಪ್‌ನ ಮಟ್ಟಿಗೆ ಸರಿಹೋಗುತ್ತದೆ, ಉಳಿದ ಆ್ಯಪ್‌ಗಳಲ್ಲಿ ಹಾಗೆಯೇ ಉಳಿಯುತ್ತದೆ. ಐಫೋನ್ 15ರಿಂದ ಈಚೆಗಿನ ಸಿ ಪೋರ್ಟಿನ ಐಫೋನುಗಳಲ್ಲಿ ಈ ತಾಪತ್ರಯವಿಲ್ಲ. ನಿಮ್ಮ ಲೆಕ್ಕದಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಬಂದು, ಕೈಯಲ್ಲಿ ಐಫೋನ್ ಇದ್ದರೆ, ಇಲ್ಲಿಗೇ ನಿಲ್ಲಿಸಬಹುದು. ಹೆಚ್ಚಿನ ಹಣವನ್ನು ಹೆಡ್‌ಫೋನಿಗೇ ಹಾಕಿ.

ಔಟ್‌ಪುಟ್ ಇಂಪಿಡೆನ್ಸ್: ದನಿಯ ಬಣ್ಣ ಬದಲಿಸುವ ಅಂಕಿ

ವಿವರದಲ್ಲಿ ಇದನ್ನು ಎಷ್ಟೋ ಸಲ ಬರೆದೇ ಇರುವುದಿಲ್ಲ. ಆದರೆ ಒಂದಕ್ಕಿಂತ ಹೆಚ್ಚು ಡ್ರೈವರ್ (ಸದ್ದು ಹುಟ್ಟಿಸುವ ಭಾಗ) ಇರುವ ಇಯರ್‌ಫೋನ್ ನಿಮ್ಮದಾಗಿದ್ದರೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಅಂಥ ಇಯರ್‌ಫೋನಿನ ಇಂಪಿಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಆಗಿರುವುದಿಲ್ಲ. ಒಂದು ಕಡೆ 8 ಓಮ್ ಇದ್ದದ್ದು ಇನ್ನೊಂದು ಕಡೆ 40ಕ್ಕೆ ಏರಬಹುದು. ಆಂಪ್‌ನದು 10 ಓಮ್ ಎಂದುಕೊಳ್ಳಿ. 8 ಓಮಿನ ಜಾಗದಲ್ಲಿ ವೋಲ್ಟಿನ 44 ಶೇಕಡಾ ಮಾತ್ರ ಇಯರ್‌ಫೋನ್ ತಲುಪುತ್ತದೆ, 40 ಓಮಿನ ಜಾಗದಲ್ಲಿ 80 ಶೇಕಡಾ. ಒಂದು ಸ್ವರಕ್ಕೂ ಇನ್ನೊಂದಕ್ಕೂ 5 ಡೆಸಿಬಲ್ ಅಂತರ ಬಿತ್ತು. ಗಾಯಕಿಯ ದನಿ ಹಿಂದೆ ಸರಿದು ತಾಳದ ಕಿಣಿಕಿಣಿ ಮುಂದೆ ಬಂದಂತೆ ಕೇಳಲು ಅಷ್ಟು ಸಾಕು. ಅದೇ 1 ಓಮಿನ ಆಂಪ್ ಆದರೆ ಅಂತರ 0.8 ಡೆಸಿಬಲ್ಲಿಗೆ ಇಳಿಯುತ್ತದೆ.

ರೂಢಿಯ ಅಳತೆ ಹೀಗಿದೆ: ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನಿನದರ ಎಂಟನೇ ಒಂದು ಭಾಗ ಮೀರಬಾರದು. 16 ಓಮಿನ ಇಯರ್‌ಫೋನಿಗೆ 2 ಓಮ್ ಮಿತಿ. ಪ್ಲೇನಾರ್ ಹೆಡ್‌ಫೋನುಗಳ ಇಂಪಿಡೆನ್ಸ್ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಇರುವುದರಿಂದ ಅವುಗಳ ದನಿಯ ಬಣ್ಣ ಕೆಡುವುದಿಲ್ಲ, ದನಿ ಸ್ವಲ್ಪ ತಗ್ಗುತ್ತದೆ ಅಷ್ಟೆ.

ಸುಯ್ ಸದ್ದು, ವಾಲ್ಯೂಮ್ ಮೆಟ್ಟಿಲು

ಬಲವಾದ ಆಂಪ್ ಕೊಂಡರೆ ಎಲ್ಲದಕ್ಕೂ ಆಯಿತು ಎಂಬ ಎಣಿಕೆ ತಪ್ಪು. 0.22 ವೋಲ್ಟ್ ಸಾಕಾಗುವ ಇಯರ್‌ಫೋನಿಗೆ 4 ವೋಲ್ಟಿನ ಆಂಪ್ ಹಾಕಿದರೆ ಎರಡು ಕಷ್ಟ. ಮೊದಲನೆಯದು ಆಂಪ್‌ನ ಸ್ವಂತ ಸದ್ದು. ಹಾಡು ನಿಲ್ಲಿಸಿ, ನಿಶ್ಶಬ್ದ ಕೋಣೆಯಲ್ಲಿ ಕೂತು ಕೇಳಿದರೆ ದೂರದಲ್ಲಿ ನೀರು ಹರಿದ ಹಾಗೆ ಕೇಳುತ್ತದೆ. ಎರಡನೆಯದು ವಾಲ್ಯೂಮ್. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಹಾಡಿನ ವಾಲ್ಯೂಮಿಗೆ 15 ಮೆಟ್ಟಿಲು ಮಾತ್ರ. ಎರಡನೇ ಮೆಟ್ಟಿಲು ತೀರಾ ಮೆಲ್ಲಗೆ, ಮೂರನೆಯದು ತೀರಾ ಜೋರು, ನಡುವೆ ಏನೂ ಇಲ್ಲ. ಗೇನ್ (ಆಂಪ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ತಗ್ಗಿಸುವ ಸ್ವಿಚ್ ಇರುವ, ತನ್ನದೇ ವಾಲ್ಯೂಮ್ ಗುಂಡಿಯಲ್ಲಿ 60 ಅಥವಾ 100 ಮೆಟ್ಟಿಲಿರುವ ಡಾಂಗಲ್ ಆರಿಸಿದರೆ ಎರಡನೆಯ ಕಷ್ಟ ತೀರಿತು, ಮೊದಲನೆಯದೂ ಬಹಳ ಮಟ್ಟಿಗೆ ತಗ್ಗುತ್ತದೆ. ವಿವರದಲ್ಲಿ ನಾಯ್ಸ್ ಎಷ್ಟು ಮೈಕ್ರೋವೋಲ್ಟ್ ಎಂದು ಕೊಟ್ಟಿದ್ದರೆ ನೋಡಿ. ಸೂಕ್ಷ್ಮ ಇಯರ್‌ಫೋನಿಗೆ 3 ಮೈಕ್ರೋವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ.

4.4 ಎಂಎಂ ಬ್ಯಾಲೆನ್ಸ್ಡ್ ಬೇಕೆ?

ಬ್ಯಾಲೆನ್ಸ್ಡ್ ಸಾಕೆಟ್ಟಿನಲ್ಲಿ ಎಡ, ಬಲ ಎರಡಕ್ಕೂ ಎರಡೆರಡು ಆಂಪ್ ಎದುರುಬದುರಾಗಿ ದುಡಿಯುತ್ತವೆ. ಹೀಗಾಗಿ 2 ವೋಲ್ಟಿನ ಡಾಂಗಲ್ 4 ವೋಲ್ಟ್ ಕೊಡುತ್ತದೆ. ಔಟ್‌ಪುಟ್ ಇಂಪಿಡೆನ್ಸ್ ಕೂಡ ಇಮ್ಮಡಿಯಾಗುತ್ತದೆ, ಸುಯ್ ಸದ್ದೂ ಸ್ವಲ್ಪ ಏರುತ್ತದೆ. ಅಂದಮೇಲೆ ಹೆಚ್ಚು ವೋಲ್ಟ್ ಬೇಡುವ ಹೆಡ್‌ಫೋನಿಗೆ ಇದು ವರ, ಸೂಕ್ಷ್ಮ ಇಯರ್‌ಫೋನಿಗೆ ಬೇಡದ ಹೊರೆ.

ಒಂದು ಎಚ್ಚರಿಕೆ. 3.5 ಎಂಎಂ ಪಿನ್ನಿನ ಹೆಡ್‌ಫೋನನ್ನು ಅಡಾಪ್ಟರ್ ಹಾಕಿ 4.4 ಸಾಕೆಟ್ಟಿಗೆ ಸೇರಿಸಬೇಡಿ. ಆ ಪಿನ್ನಿನಲ್ಲಿ ಎಡದ ಮೈನಸ್, ಬಲದ ಮೈನಸ್ ಎರಡೂ ಒಂದೇ ಲೋಹಕ್ಕೆ ಸೇರಿವೆ. ಬ್ಯಾಲೆನ್ಸ್ಡ್ ಆಂಪ್‌ನಲ್ಲಿ ಅವೆರಡೂ ಜೀವಂತ ತಂತಿಗಳು. ಒಂದಕ್ಕೊಂದು ತಾಗಿದರೆ ಶಾರ್ಟ್ ಆಗಿ ಆಂಪ್ ಸುಡಬಹುದು. ಹೆಡ್‌ಫೋನಿನ ಕೇಬಲ್ ಬಿಚ್ಚಿ, ಎರಡು ಕಿವಿಗೂ ಬೇರೆ ಬೇರೆ ಜೋಡಿ ತಂತಿ ಇರುವ ಕೇಬಲ್ ಹಾಕಲು ಬಂದರೆ ಮಾತ್ರ ಈ ದಾರಿ.

ಫೋನ್ ಕಡೆಯ ಹೊಂದಾಣಿಕೆ

ಡಾಂಗಲ್‌ಗೆ ಬ್ಯಾಟರಿ ಇಲ್ಲ, ಅದರ ಊಟ ಫೋನಿನಿಂದಲೇ. ಲೆಕ್ಕ ಹೀಗೆ: ಅರ್ಧ ವ್ಯಾಟ್ ಎಳೆಯುವ ಡಾಂಗಲ್ ನಾಲ್ಕು ಗಂಟೆಗೆ 2 ವ್ಯಾಟ್ ಅವರ್ ತಿನ್ನುತ್ತದೆ. 4500 ಮಿಲಿಆಂಪ್ ಅವರ್ ಬ್ಯಾಟರಿ ಎಂದರೆ ಸುಮಾರು 17 ವ್ಯಾಟ್ ಅವರ್. ಅಲ್ಲಿಗೆ 12 ಶೇಕಡಾ ಹೋಯಿತು. ಹಾಡು ನಿಲ್ಲಿಸಿ ಚುಚ್ಚಿಟ್ಟೇ ಮಲಗಿದರೂ ಎಷ್ಟೋ ಡಾಂಗಲ್‌ಗಳು ಎಳೆಯುತ್ತಲೇ ಇರುತ್ತವೆ. ಕಿತ್ತಿಡಿ.

ಲೈಟ್ನಿಂಗ್ ಪೋರ್ಟಿನ ಹಳೆಯ ಐಫೋನುಗಳು ಹೊರಗಿನ ಸಾಧನಕ್ಕೆ ಕೊಡುವ ಕರೆಂಟಿಗೆ ಬಿಗಿಯಾದ ಮಿತಿ ಹಾಕುತ್ತವೆ. ಬಲವಾದ ಡಾಂಗಲ್ ಹಾಕಿದರೆ ಈ ಸಾಧನ ಹೆಚ್ಚು ವಿದ್ಯುತ್ ಬಳಸುತ್ತಿದೆ ಎಂಬ ಸಂದೇಶ ತೋರಿಸಿ ಕೈಬಿಡುತ್ತವೆ. ಚಾರ್ಜಿಂಗ್ ಪೋರ್ಟ್ ಕೂಡ ಇರುವ ಕ್ಯಾಮೆರಾ ಅಡಾಪ್ಟರ್ (ಲೈಟ್ನಿಂಗ್ ಪೋರ್ಟಿಗೆ ಯುಎಸ್‌ಬಿ ಸಾಧನ ಜೋಡಿಸುವಂಥದ್ದು) ಇದಕ್ಕೆ ಪರಿಹಾರ. ಚಾರ್ಜ್ ಮಾಡುವ ಲೈಟ್ನಿಂಗ್‌ನಿಂದ ಸಿಗೆ ಹೋಗುವ ಸಾಮಾನ್ಯ ಕೇಬಲ್ ಡಾಂಗಲ್ ಜೋಡಿಸಲು ಬರುವುದಿಲ್ಲ, ಅದಕ್ಕೆಂದೇ ಮಾಡಿದ ಗಿಡ್ಡ ಕೇಬಲ್ ಬೇಕು. ಆಂಡ್ರಾಯ್ಡಿನ ಕೆಲವು ಕಂಪನಿಗಳ ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಒಟಿಜಿ (ಹೊರಗಿನ ಯುಎಸ್‌ಬಿ ಸಾಧನ ಬಳಸಲು ಬಿಡುವ ಸೌಲಭ್ಯ) ಎಂಬ ಸ್ವಿಚ್ ಹಾಕಬೇಕು. ಬಳಸದೆ ಹತ್ತು ನಿಮಿಷ ಕಳೆದರೆ ಅದು ತಾನೇ ಆರುವುದೂ ಉಂಟು. "ಡಾಂಗಲ್ ಸತ್ತಿದೆ" ಎಂದು ವಾಪಸ್ ಕಳಿಸುವ ಮೊದಲು ಇದನ್ನು ನೋಡಿ.

ಆಂಡ್ರಾಯ್ಡ್ ಎಲ್ಲ ಆ್ಯಪ್‌ಗಳ ಸದ್ದನ್ನೂ ಬೆರೆಸಿ ಸಾಮಾನ್ಯವಾಗಿ 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಸದ್ದಿನ 48 ಸಾವಿರ ಅಳತೆ) ಕಳಿಸುತ್ತದೆ. ಆದ್ದರಿಂದ ಪೆಟ್ಟಿಗೆ ಮೇಲಿನ 768 ಕಿಲೋಹರ್ಟ್ಸ್ ಅಂಕಿಗೆ ಮರುಳಾಗಬೇಡಿ. ಸಿ.ಡಿ.ಯ ಧ್ವನಿಯೇ 44.1 ಕಿಲೋಹರ್ಟ್ಸ್, 16 ಬಿಟ್. ಎಂಕ್ಯೂಎ (ಸದ್ದನ್ನು ಕುಗ್ಗಿಸಿಡುವ ಒಂದು ವಿಧಾನ) ಮುದ್ರೆಗೂ ಹೆಚ್ಚು ಹಣ ಕೊಡಬೇಡಿ. ಅದನ್ನು ಬಳಸುತ್ತಿದ್ದ ಮುಖ್ಯ ಸ್ಟ್ರೀಮಿಂಗ್ ಸೇವೆಯಾದ ಟೈಡಲ್ 2024ರಲ್ಲಿ ಅದನ್ನು ಕೈಬಿಟ್ಟಿತು.

ಕರೆಯಲ್ಲಿ ಮಾತಾಡುವವರು ಮೈಕ್ ಬೆಂಬಲ ಇದೆಯೇ ಎಂದು ಕಡ್ಡಾಯವಾಗಿ ಕೇಳಿ. ಸಂಗೀತಕ್ಕೆಂದು ಮಾಡಿದ ಎಷ್ಟೋ ಡಾಂಗಲ್‌ಗಳಲ್ಲಿ ಅದಿಲ್ಲ, 4.4 ಸಾಕೆಟ್ಟಿನಲ್ಲಂತೂ ನಿರೀಕ್ಷಿಸಲೇಬೇಡಿ.

ವೈರ್ ಫೋನಿಗೆ ನೇತಾಡುವುದು ಬೇಡ ಎನ್ನುವವರಿಗೆ ಬ್ಲೂಟೂತ್ ಆಂಪ್ ಇದೆ. ಅದಕ್ಕೆ ಸ್ವಂತ ಬ್ಯಾಟರಿ, ಅಂಗಿಗೆ ಸಿಕ್ಕಿಸುವ ಕ್ಲಿಪ್, ಹೆಚ್ಚಿನವುಗಳಲ್ಲಿ ಮೈಕ್ ಕೂಡ. ಆಂಡ್ರಾಯ್ಡಿನಲ್ಲಿ ಎಲ್‌ಡ್ಯಾಕ್ ಕೋಡೆಕ್ (ಬ್ಲೂಟೂತ್‌ಗೆ ಸದ್ದನ್ನು ಕುಗ್ಗಿಸಿ ಸಾಗಿಸುವ ವಿಧಾನ) ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಸಾಗಿಸುತ್ತದೆ. ಜನಸಂದಣಿಯಲ್ಲಿ ಕಡಿದು ಕಡಿದು ಬಂದರೆ 660ಕ್ಕೆ ಇಳಿಸಿ. ಐಫೋನಿನಲ್ಲಿ ಎಎಸಿ ಕೋಡೆಕ್ ಒಂದೇ ಗತಿ, ಹಾಗಾಗಿ ಎಲ್‌ಡ್ಯಾಕ್‌ಗೆಂದು ಹೆಚ್ಚು ಕೊಟ್ಟರೆ ದಂಡ.

ಕೊಂಡ ದಿನ ಮಾಡಬೇಕಾದ ಪರೀಕ್ಷೆ

ಮೊದಲು ವಾಲ್ಯೂಮ್ ಪೂರ್ತಿ ತಗ್ಗಿಸಿ, ಡಾಂಗಲ್ ಚುಚ್ಚಿ, ಹಾಡು ಶುರುಮಾಡಿ, ಆಮೇಲಷ್ಟೇ ಕಿವಿಗೆ ಹಾಕಿಕೊಳ್ಳಿ. ಈ ಕ್ರಮ ಪ್ರತಿದಿನವೂ ಇರಲಿ. ಕೆಲವು ಆ್ಯಪ್‌ಗಳು ಯುಎಸ್‌ಬಿಯನ್ನು ತಾವೇ ಹಿಡಿದಾಗ ಫೋನಿನ ವಾಲ್ಯೂಮ್ ಲೆಕ್ಕಕ್ಕೇ ಬರುವುದಿಲ್ಲ, ಪೂರ್ತಿ 2 ವೋಲ್ಟ್ ಒಮ್ಮೆಲೇ ಕಿವಿಗೆ ಬಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್‌ನಲ್ಲಿ. ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ. 89ರಲ್ಲಿ ಕೇಳಿದರೆ ವಾರಕ್ಕೆ ಐದೇ ಗಂಟೆ.

ಮುಂದೆ, ಹಾಡು ನಿಲ್ಲಿಸಿ ಸುಯ್ ಸದ್ದು ಕೇಳಿಸುತ್ತದೆಯೇ ನೋಡಿ. ಮೊಬೈಲ್ ಡೇಟಾ ಹಾಕಿ, ಡಾಂಗಲನ್ನು ಫೋನಿನ ಬೆನ್ನಿಗೆ ಒತ್ತಿ ಹಿಡಿಯಿರಿ. ಗರ್ ಗರ್ ಎಂದರೆ ಫೋನಿನ ರೇಡಿಯೊ ಅಲೆ ತಂತಿಗೆ ನುಗ್ಗುತ್ತಿದೆ. ಕವಚ ಚೆನ್ನಾಗಿರುವ ಬೇರೆ ಕೇಬಲ್ ಹಾಕಿ ನೋಡಿ, ಕೇಬಲ್ ಬಿಚ್ಚಲು ಬಾರದ ಡಾಂಗಲ್ ಆದರೆ ಹಿಂದಿರುಗಿಸಿ. ಕೊನೆಗೆ ಫೋನನ್ನು ಜೇಬಿಗಿಟ್ಟು ಐದು ನಿಮಿಷ ನಡೆಯಿರಿ. ಹೆಜ್ಜೆಗೊಮ್ಮೆ ಹಾಡು ನಿಂತರೆ ಡಾಂಗಲನ್ನು ದೂರುವ ಮೊದಲು ಫೋನ್ ಸ್ವಿಚ್ ಆಫ್ ಮಾಡಿ, ಪೋರ್ಟಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಬಿನ ನೂಲಿನ ಜುಂಗು ತಳದಲ್ಲಿ ಗಟ್ಟಿಯಾಗಿ ಕೂತು ಪಿನ್ ಪೂರ್ತಿ ಒಳಹೋಗದಂತೆ ತಡೆದಿರುತ್ತದೆ. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ, ಲೋಹದ ಪಿನ್ನು ಬೇಡ. ಪಿನ್ "ಟಕ್" ಎಂದು ಕೂತ ಮೇಲೂ ನಿಲ್ಲುತ್ತಿದ್ದರೆ ಆಗ ಡಾಂಗಲ್ ಬದಲಿಸಿ.