ಏಕಪಕ್ಷೀಯ ಡಿಕ್ರಿ ರದ್ದತಿ: ನಾನು ಮೊದಲು ನೋಡುವುದು ಸಮನ್ಸಿನ ಹಿಂಬದಿ

ಮಂಗಳೂರು, ಉಡುಪಿ ಕಡೆ ನನ್ನ ಹತ್ತಿರ ಬರುವ ಏಕಪಕ್ಷೀಯ ಡಿಕ್ರಿಗಳಲ್ಲಿ, ಅಂದರೆ ಪ್ರತಿವಾದಿ ಹಾಜರಾಗದೆಯೇ ಆದ ಡಿಕ್ರಿಗಳಲ್ಲಿ, ಹೆಚ್ಚಿನವು ಪಾಲು ದಾವೆಯವು. ಪ್ರತಿವಾದಿ ಇರುವುದು ದುಬೈಯಲ್ಲೋ ಮುಂಬೈಯಲ್ಲೋ, ಸಮನ್ಸ್ ಹೋಗಿರುವುದು ಊರಿನ ಕುಟುಂಬದ ಮನೆಗೆ. ನ್ಯಾಯಾಲಯ ನೇಮಿಸಿದ ಕಮಿಷನರು ಅಡಿಕೆ ತೋಟ ಅಳೆಯಲು ಬಂದಾಗ ಸುದ್ದಿ ಮುಟ್ಟುತ್ತದೆ. "ಜಾಗ ನಮ್ಮದೇ ವಕೀಲರೇ, ದಾಖಲೆ ಉಂಟು" ಎಂದೇ ಎಲ್ಲರೂ ಮಾತು ಶುರು ಮಾಡುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರ ಅರ್ಜಿಯಲ್ಲಿ ಆ ದಾಖಲೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ತೋರಿಸಬೇಕಾದದ್ದು ಎರಡರಲ್ಲಿ ಒಂದು: ಸಮನ್ಸ್ ಕ್ರಮಬದ್ಧವಾಗಿ ಜಾರಿಯಾಗಿಲ್ಲ, ಇಲ್ಲವೇ ಹಾಜರಾಗದಿರಲು ಸಾಕಷ್ಟು ಕಾರಣವಿತ್ತು.

ಹಾಗಾಗಿ ಮೊದಲ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕುತ್ತೇನೆ: ವಾದಪತ್ರ, ಡಿಕ್ರಿ, ಪೂರ್ತಿ ಆರ್ಡರ್ ಶೀಟ್ (ಪ್ರತಿ ದಿನದ ನಡಾವಳಿಯ ದಾಖಲೆ), ಅಂಚೆ ಲಕೋಟೆ, ಸಮನ್ಸಿನ ಎರಡೂ ಬದಿ. "ಎರಡೂ ಬದಿ" ಎಂದು ಬರೆಯದಿದ್ದರೆ ಮುಂಬದಿ ಮಾತ್ರ ಸಿಗುವುದುಂಟು, ಸಮನ್ಸ್ ಮುಟ್ಟಿಸುವ ಅಮೀನರ ಷರಾ (ಟಿಪ್ಪಣಿ) ಇರುವುದು ಹಿಂಬದಿಯಲ್ಲಿ.

ಆ ಷರಾ ಹಲವು ಸಲ ಒಂದೇ ಸಾಲು: "ಮನೆಗೆ ಬೀಗ ಹಾಕಿತ್ತು, ಬಾಗಿಲಿಗೆ ಅಂಟಿಸಿದೆ." ಆದೇಶ 5, ನಿಯಮ 17ರ ಪ್ರಕಾರ ಯಾವ ಸಂದರ್ಭದಲ್ಲಿ ಅಂಟಿಸಿದರು, ಮನೆ ತೋರಿಸಿದವರು ಯಾರು, ಯಾರ ಸಮಕ್ಷಮ ಅಂಟಿಸಿದರು ಎಂಬುದು ಬರಬೇಕು. ಷರಾಕ್ಕೆ ಅಮೀನರ ಅಫಿಡವಿಟ್ಟಿನ ಬೆಂಬಲ ಇಲ್ಲದಿದ್ದರೆ ನಿಯಮ 19ರಂತೆ ನ್ಯಾಯಾಲಯ ಅಮೀನರನ್ನು ಪ್ರಮಾಣ ಮಾಡಿಸಿ ವಿಚಾರಿಸಬೇಕು. ವಿಚಾರಿಸಿದ್ದಾರೆಯೇ ಎಂದು ಆರ್ಡರ್ ಶೀಟಿನಲ್ಲಿ ಹುಡುಕುತ್ತೇನೆ. ಮನೆಯವರು ಸಹಿ ಹಾಕಿದ್ದರೆ ನಿಯಮ 15: ಸಹಿ ಹಾಕಿದವರು ಪ್ರತಿವಾದಿಯ ಜೊತೆಗೇ ವಾಸವಿರುವ ವಯಸ್ಕ ಸದಸ್ಯರಾಗಿರಬೇಕು. ಹತ್ತು ವರ್ಷದಿಂದ ಗಲ್ಫಿನಲ್ಲಿರುವವನ ಸಮನ್ಸಿಗೆ ಊರಿನ ಅತ್ತಿಗೆ ಸಹಿ ಹಾಕಿದ್ದರೆ, ಅದರಲ್ಲೂ ಅಣ್ಣನೇ ವಾದಿಯಾಗಿದ್ದರೆ, ನನ್ನ ಅರ್ಜಿ ನಿಲ್ಲುವುದೇ ಆ ಸಹಿಯ ಮೇಲೆ.

ಒಂದು ಎಚ್ಚರಿಕೆ. ಜಾರಿಯಲ್ಲಿ ಲೋಪವಿದ್ದರೂ, ವಿಚಾರಣೆಯ ದಿನಾಂಕ ಪ್ರತಿವಾದಿಗೆ ಗೊತ್ತಿದ್ದು ಬರಲು ಸಮಯವೂ ಇತ್ತು ಎಂದಾದರೆ ಆ ಲೋಪದ ಮೇಲೆ ಡಿಕ್ರಿ ರದ್ದಾಗದು. ಅದಕ್ಕೇ ಮನೆಯವರ ವಾಟ್ಸಾಪ್ ಸಂದೇಶಗಳನ್ನೂ ಮೊದಲೇ ಓದುತ್ತೇನೆ.

ಕಾಲಮಿತಿ 30 ದಿನ. ಡಿಕ್ರಿಯ ದಿನದಿಂದ, ಸಮನ್ಸ್ ಕ್ರಮವಾಗಿ ಜಾರಿಯಾಗಿರದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ. ಪತ್ರಿಕಾ ಪ್ರಕಟಣೆಯಂಥ ಬದಲಿ ಜಾರಿಯನ್ನು ಈ ಲೆಕ್ಕಕ್ಕೆ ಕ್ರಮಬದ್ಧ ಜಾರಿ ಎಂದು ಹಿಡಿಯುವುದಿಲ್ಲ. "ಇತ್ತೀಚೆಗೆ ತಿಳಿಯಿತು" ಎಂದು ಬರೆದ ಅಫಿಡವಿಟ್ ಪಾಟೀಸವಾಲಿನಲ್ಲಿ ಕುಸಿಯುತ್ತದೆ. ಯಾವ ದಿನ, ಯಾರಿಂದ, ಯಾವ ಕಾಗದದಿಂದ ಎಂದು ಬರೆಯಬೇಕು. ನನ್ನ ಲೆಕ್ಕದಲ್ಲಿ ಅವಧಿಯೊಳಗೇ ಇದ್ದರೂ ಕಾಲಮಿತಿ ಕಾಯ್ದೆಯ ಕಲಂ 5ರ ಅರ್ಜಿಯನ್ನು ಜೊತೆಗಿಡುತ್ತೇನೆ. ಗೊತ್ತಾದ ದಿನಾಂಕವನ್ನು ನ್ಯಾಯಾಧೀಶರು ಒಪ್ಪದಿದ್ದರೆ ಅದೇ ಆಸರೆ.

ವಿದೇಶದಲ್ಲಿದ್ದುದಕ್ಕೆ ಪಾಸ್‌ಪೋರ್ಟಿನ ಮುದ್ರೆಯ ಪುಟಗಳು ಬೇಕು. ಅಲ್ಲಿಂದ ಬಂದ ಪವರ್ ಆಫ್ ಅಟಾರ್ನಿಗೆ ರಾಜ್ಯಕ್ಕೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆದರೆ ಕಕ್ಷಿದಾರನಿಗೆ ಮಾತ್ರ ಗೊತ್ತಿರುವುದನ್ನು ಪವರ್ ಹಿಡಿದವರು ಸಾಕ್ಷಿ ನುಡಿಯಲಾಗದು. ರಜೆಯಲ್ಲಿ ಬಂದಾಗ ಕಕ್ಷಿದಾರನೇ ಕಟಕಟೆ ಹತ್ತಲಿ.

ಅರ್ಜಿ ಹಾಕಿದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ ನಿಲ್ಲದು, ತಡೆಯಾಜ್ಞೆಗೆ ಬೇರೆಯೇ ಮಧ್ಯಂತರ ಅರ್ಜಿ ಬೇಕು. ಪಾಲಿನ ಡಿಕ್ರಿ ಒಬ್ಬರ ಮಟ್ಟಿಗೆ ಮಾತ್ರ ರದ್ದಾಗುವಂಥದ್ದಲ್ಲದಿದ್ದರೆ, ಎಲ್ಲ ಪ್ರತಿವಾದಿಗಳ ಮಟ್ಟಿಗೂ ರದ್ದುಮಾಡಿ ಎಂದು ಸ್ಪಷ್ಟವಾಗಿ ಕೇಳಬೇಕು. ಡಿಕ್ರಿಯ ವಿರುದ್ಧ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 96(2)ರ ಮೇಲ್ಮನವಿಯನ್ನೂ ಜೊತೆಗೇ ಹಾಕಬಹುದು. ಆದರೆ ಅದು ಮೊದಲು ತೀರ್ಮಾನವಾಗಿಬಿಟ್ಟರೆ ನಿಯಮ 13ರ ಬಾಗಿಲು ಮುಚ್ಚುತ್ತದೆ. ನಿಯಮ 13ರ ಅರ್ಜಿ ವಜಾ ಆದರೆ ಆದೇಶ 43, ನಿಯಮ 1(ಡಿ) ಅಡಿ ಮೇಲ್ಮನವಿ ಉಂಟು.

ಡಿಕ್ರಿ ರದ್ದಾಗುವಾಗ ಖರ್ಚು ಕೊಡಬೇಕೆಂದೋ ಠೇವಣಿ ಇಡಬೇಕೆಂದೋ ಷರತ್ತು ಬರುವುದಿದೆ. ಅದಕ್ಕೆ ದುಡ್ಡು ಮೊದಲೇ ಹೊಂದಿಸಿಡಿ ಎನ್ನುತ್ತೇನೆ, ಗಡುವು ತಪ್ಪಿದರೆ ಸಿಕ್ಕ ಆದೇಶವೇ ಕೈಬಿಡುತ್ತದೆ. ಸಹಿಯಾದ ಪ್ರತಿವಾದಪತ್ರವನ್ನು ಅರ್ಜಿಯ ಜೊತೆಗೇ ಲಗತ್ತಿಸುತ್ತೇನೆ. ಕಕ್ಷಿದಾರರು ಮೊದಲ ದಿನ ಮೇಜಿನ ಮೇಲೆ ಹರಡಿದ ಆ ಜಾಗದ ದಾಖಲೆಗಳಿಗೆ ಜಾಗ ಅಲ್ಲಿ.