ಅಮೆರಿಕದಲ್ಲಿ ಓ ಪೇರ್: ವಾರದ 45 ಗಂಟೆಯನ್ನು ಕಾಗದಕ್ಕಿಳಿಸುವುದು ಹೇಗೆ?

ಅಮೆರಿಕದ ಒಂದು ಕುಟುಂಬದ ಜೊತೆ ವರ್ಷವಿಡೀ ಇದ್ದು, ಆ ಮನೆಯ ಮಕ್ಕಳನ್ನು ನೋಡಿಕೊಂಡು, ಊಟ–ವಸತಿಯ ಜೊತೆ ವಾರದ ಭತ್ಯೆ ಪಡೆಯುವ ಯುವಜನರನ್ನು ಓ ಪೇರ್ ಎನ್ನುತ್ತಾರೆ. 1986ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಈ ಕಾರ್ಯಕ್ರಮ ಇಂದು ಅಮೆರಿಕದ ವಿದೇಶಾಂಗ ಇಲಾಖೆಯ ನಿಗಾದಲ್ಲಿ, ಜೆ-1 ಎಂಬ ವಿನಿಮಯ ಕಾರ್ಯಕ್ರಮದ ವೀಸಾದಡಿ ನಡೆಯುತ್ತಿದೆ. ಇರುವುದೂ ಅದೇ ಮನೆ, ದುಡಿಯುವುದೂ ಅದೇ ಮನೆ. ಕೆಲಸ ಎಲ್ಲಿ ಮುಗಿಯಿತು, ಬಿಡುವು ಎಲ್ಲಿ ಶುರುವಾಯಿತು ಎಂದು ಇಬ್ಬರಿಗೂ ತಿಳಿಯದೆ ಹೋದಾಗ ವರ್ಷ ಕೆಡುತ್ತದೆ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಗಂಟೆಗಳ ಲೆಕ್ಕಕ್ಕೇ ಮೀಸಲು.

ಮೊದಲು ಅರ್ಹತೆ

ವಯಸ್ಸು 18ರಿಂದ 26. ಹೈಸ್ಕೂಲು ಶಿಕ್ಷಣ ಮುಗಿದಿರಬೇಕು; ನಮ್ಮಲ್ಲಿ ಪಿಯುಸಿ ಪಾಸಾಗಿದ್ದರೆ ಚಿಂತೆಯಿಲ್ಲ. ಇಂಗ್ಲಿಷ್ ಮಾತು ಸರಾಗವಾಗಿರಬೇಕು. ಸಂಬಂಧಿಕರಲ್ಲದ ಮೂವರ ಶಿಫಾರಸು, ಅಪರಾಧ ಹಿನ್ನೆಲೆ ತಪಾಸಣೆ, ಮುಖತಃ ಸಂದರ್ಶನ ಇವೆಲ್ಲ ಕಡ್ಡಾಯ. ಎರಡು ವರ್ಷದೊಳಗಿನ ಮಗು ಇರುವ ಮನೆಗೆ ಹೋಗುವುದಾದರೆ ಅಷ್ಟು ಚಿಕ್ಕ ಮಕ್ಕಳನ್ನು ಕನಿಷ್ಠ 200 ಗಂಟೆ ನೋಡಿಕೊಂಡ ದಾಖಲೆ ಬೇಕು. ಇಲ್ಲಿ ಎಡವುವವರು ಹೆಚ್ಚು: ಕೆಲಸ ಮಾಡಿರುತ್ತಾರೆ, ಕಾಗದ ಇರುವುದಿಲ್ಲ. ಪ್ಲೇ ಹೋಮ್ ಅಥವಾ ಶಿಶುವಿಹಾರದಿಂದ ತಾರೀಖು, ಒಟ್ಟು ಗಂಟೆ, ಮಕ್ಕಳ ವಯಸ್ಸು ನಮೂದಿಸಿ ಸಹಿ ಹಾಕಿದ ಪತ್ರವನ್ನು ಆಗಾಗಲೇ ಪಡೆದಿಟ್ಟುಕೊಳ್ಳಿ.

ವೀಸಾಕ್ಕೆ ಬೇಕಾದ ಡಿಎಸ್-2019 ಎಂಬ ಫಾರಂ ಕೊಡುವ ಅಧಿಕಾರ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಪ್ರಾಯೋಜಕ ಸಂಸ್ಥೆಗಳಿಗೆ ಮಾತ್ರ ಇದೆ. ‘ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಬಂದುಬಿಡಿ, ಆಮೇಲೆ ನೋಡೋಣ’ ಎಂದು ಯಾರೇ ಹೇಳಲಿ, ಅಲ್ಲಿಗೇ ಮಾತು ನಿಲ್ಲಿಸಿ. ಆ ವೀಸಾದಲ್ಲಿ ದುಡಿಯುವುದು ಕಾನೂನುಬಾಹಿರ, ಮತ್ತು ಸಿಕ್ಕಿಬಿದ್ದಾಗ ಗಡೀಪಾರಾಗುವವರು ನೀವೇ.

ಗಂಟೆಯ ಲೆಕ್ಕ

ನಿಯಮ ಹೀಗಿದೆ: ದಿನಕ್ಕೆ 10 ಗಂಟೆ, ವಾರಕ್ಕೆ 45 ಗಂಟೆ ಮೀರಬಾರದು. ವಾರಕ್ಕೆ ಒಂದೂವರೆ ದಿನ ರಜೆ. ತಿಂಗಳಿಗೊಮ್ಮೆ ಇಡೀ ವಾರಾಂತ್ಯ ಬಿಡುವು. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಎಂದು ಬರೆಸಿಕೊಳ್ಳಿ. ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ.

ಕುಟುಂಬದ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುವಾಗ ‘ಕೆಲಸ ಹೇಗಿರುತ್ತೆ?’ ಎಂದು ಕೇಳಿದರೆ ‘ತುಂಬ ಸುಲಭ’ ಎಂಬ ಉತ್ತರವೇ ಬರುತ್ತದೆ. ‘ಕಳೆದ ಮಂಗಳವಾರ ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಮನೆಯಲ್ಲಿ ಏನೇನು ನಡೆಯಿತು?’ ಎಂದು ಕೇಳಿ. ಆಗ ನಿಜವಾದ ವೇಳಾಪಟ್ಟಿ ಹೊರಬೀಳುತ್ತದೆ.

ಶಾಲೆಗೆ ಹೋಗುವ ಇಬ್ಬರು ಮಕ್ಕಳ ಮನೆ ಎಂದುಕೊಳ್ಳಿ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6.30ರಿಂದ 8.30, ಮಧ್ಯಾಹ್ನ 2.30ರಿಂದ ಸಂಜೆ 7.30. ದಿನಕ್ಕೆ 7 ಗಂಟೆ, ಐದು ದಿನಕ್ಕೆ 35. ಶನಿವಾರ ಸಂಜೆ 5ರಿಂದ 10ರವರೆಗೆ ಇನ್ನು 5 ಸೇರಿಸಿದರೆ 40. ಉಳಿದ 5 ಗಂಟೆಯನ್ನು ಖಾಲಿ ಬಿಡಿ. ತಂದೆ–ತಾಯಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತಾರೆ, ಮಂಜು ಬಿದ್ದು ಶಾಲೆಗೆ ರಜೆ ಕೊಡುತ್ತಾರೆ, ಮಗುವಿಗೆ ಜ್ವರ ಬರುತ್ತದೆ. ಮೊದಲ ದಿನವೇ 45ಕ್ಕೆ 45 ತುಂಬಿಸಿದ ವೇಳಾಪಟ್ಟಿ ಇಂಥ ಒಂದೇ ಪೆಟ್ಟಿಗೆ ಮುರಿದುಬೀಳುತ್ತದೆ.

ತಕರಾರು ಹುಟ್ಟುವ ಜಾಗಗಳು ಗೊತ್ತಿರುವಂಥವೇ. ಮಗು ಮಲಗಿದೆ, ಮನೆಯಲ್ಲಿ ಹೊಣೆ ಹೊತ್ತವರು ನೀವೊಬ್ಬರೇ ಎಂದರೆ ಆ ಹೊತ್ತೂ ಕೆಲಸದ ಲೆಕ್ಕಕ್ಕೆ ಸೇರುತ್ತದೆ. ಈ ವಾರ 38 ಆಯಿತು, ಹಾಗಾಗಿ ಮುಂದಿನ ವಾರ 52 ಎಂದು ಗಂಟೆಗಳನ್ನು ಮುಂದಕ್ಕೆ ಸಾಗಿಸುವಂತಿಲ್ಲ. ಹೆಚ್ಚು ದುಡ್ಡು ಕೊಟ್ಟರೂ 45 ದಾಟುವಂತಿಲ್ಲ. ‘ಹತ್ತು ನಿಮಿಷ ನೋಡ್ಕೊಳ್ತೀಯಾ?’ ಎಂಬ ಕೋರಿಕೆ ದಿನಕ್ಕೆ ನಾಲ್ಕು ಸಲ ಬಂದರೆ ವಾರಕ್ಕೆ ಮೂರು ಗಂಟೆ ದಾಟುತ್ತದೆ. ಪ್ರತಿದಿನ ಶುರುವಾದ, ಮುಗಿದ ವೇಳೆಯನ್ನು ಕುಟುಂಬಕ್ಕೂ ಕಾಣುವಂಥ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಭಾನುವಾರ ಸಂಜೆ ಒಟ್ಟಿಗೆ ಕೂತು ನೋಡಿ. ಮೊದಲ ವಾರದಿಂದಲೇ ಇದು ರೂಢಿಯಾದರೆ ಯಾರಿಗೂ ದೂರು ಅನ್ನಿಸುವುದಿಲ್ಲ. ಮೂರು ತಿಂಗಳು ಸುಮ್ಮನಿದ್ದು ಲೆಕ್ಕ ತೆಗೆದರೆ ಜಗಳ ಅನ್ನಿಸುತ್ತದೆ.

ಕೆಲಸ ಮಕ್ಕಳಿಗೆ ಸಂಬಂಧಿಸಿದ್ದಷ್ಟೇ: ಅವರ ಊಟ, ಬಟ್ಟೆ ಒಗೆಯುವುದು, ಕೋಣೆ, ಆಟಿಕೆ, ಹೋಮ್‌ವರ್ಕ್, ಶಾಲೆಗೆ ಕರೆದೊಯ್ಯುವುದು. ಇಡೀ ಮನೆಯ ಅಡುಗೆ, ದೊಡ್ಡವರ ಬಟ್ಟೆ, ನೆಲ ಒರೆಸುವುದು, ನಾಯಿಯ ಪೂರ್ತಿ ಜವಾಬ್ದಾರಿ ಇದರಲ್ಲಿಲ್ಲ. ಉಂಡ ತಟ್ಟೆ ತೊಳೆದಿಡುವುದು ಮಾತ್ರ ಮನೆಯಲ್ಲಿ ಇರುವವರೆಲ್ಲರ ಮರ್ಯಾದೆ.

ದುಡ್ಡು

ವಾರದ ಕನಿಷ್ಠ ಭತ್ಯೆ 195.75 ಡಾಲರ್. ಫೆಡರಲ್ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 45 ಗಂಟೆಗೆ 326.25; ಊಟ–ವಸತಿಗೆ ಶೇ 40 ಕಳೆದರೆ ಉಳಿಯುವುದು ಇಷ್ಟು. ಮಸಾಚುಸೆಟ್ಸ್‌ನಲ್ಲಿ 2019ರ ನ್ಯಾಯಾಲಯದ ತೀರ್ಪಿನ ನಂತರ ಆ ರಾಜ್ಯದ ಕನಿಷ್ಠ ವೇತನದ ನಿಯಮಗಳೇ ಅನ್ವಯಿಸುತ್ತವೆ. ಕುಟುಂಬ ಪ್ರವಾಸ ಹೋಗಿ ಕೆಲಸ ಕಡಿಮೆಯಾದ ವಾರವೂ ಭತ್ಯೆ ಕಡಿತವಾಗಬಾರದು. ವರ್ಷದಲ್ಲಿ ಕಾಲೇಜಿನ 6 ಕ್ರೆಡಿಟ್‌ಗಳಷ್ಟು ಓದು ಕಡ್ಡಾಯ. ಅದಕ್ಕೆ ಕುಟುಂಬ 500 ಡಾಲರ್‌ವರೆಗೆ ಕೊಡಬೇಕು.

ಭತ್ಯೆಗೆ ಆದಾಯ ತೆರಿಗೆ ಇದೆ, ಆದರೆ ಸಾಮಾನ್ಯವಾಗಿ ಕುಟುಂಬ ಅದನ್ನು ಮುರಿದುಕೊಂಡು ಕೊಡುವುದಿಲ್ಲ. ವಾರಕ್ಕೆ 20 ಡಾಲರ್ ಬೇರೆಯೇ ಎತ್ತಿಡಿ. ಏಪ್ರಿಲ್ 15ರ ಗಡುವಿಗೆ 1040-ಎನ್‌ಆರ್ ಎಂಬ ತೆರಿಗೆ ಫಾರಂ ತುಂಬಿ ತೆರಿಗೆ ಕಟ್ಟುವಾಗ ಆ ಹಣ ಒದಗುತ್ತದೆ.

ಕಾರು

ಸಾರಿಗೆ ವ್ಯವಸ್ಥೆ ತೆಳುವಾಗಿರುವ ಉಪನಗರಗಳಲ್ಲಿ ಡ್ರೈವಿಂಗ್ ಬಾರದಿದ್ದರೆ ಆಯ್ಕೆಯಾಗುವುದೇ ಕಷ್ಟ. ಬರೀ ಸ್ಕೂಟರ್ ಲೈಸೆನ್ಸ್ ಸಾಲದು. ಹೊರಡುವ ಮೊದಲು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಮೂಲ ಲೈಸೆನ್ಸನ್ನೂ ಜೊತೆಗೊಯ್ಯಿರಿ. ಅಲ್ಲಿ ಬಲಗಡೆ ಸಂಚಾರ. ನಮ್ಮವರಿಗೆ ತಪ್ಪುವುದು ಎಡತಿರುವಿನಲ್ಲಿ: ಅಭ್ಯಾಸಬಲದಿಂದ ಎದುರು ಬರುವವರ ಲೇನಿಗೇ ನುಗ್ಗುತ್ತಾರೆ. ಸ್ಟಾಪ್ ಫಲಕದಲ್ಲಿ ಚಕ್ರ ಪೂರ್ತಿ ನಿಲ್ಲಬೇಕು. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿದರೆ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎದುರು ಬರುವವರೂ ನಿಲ್ಲಬೇಕು. ನಿಮ್ಮ ಹೆಸರು ಕಾರಿನ ವಿಮೆಯಲ್ಲಿ ಸೇರಿದೆಯೇ, ಅಪಘಾತವಾದರೆ ನಿಮ್ಮ ಪಾಲೆಷ್ಟು ಎಂಬುದನ್ನು ಕೀಲಿ ಕೈಗೆ ಬರುವ ಮೊದಲೇ ಬರಹದಲ್ಲಿ ಪಡೆಯಿರಿ.

ಕಾರಿನೊಳಗೆ ಮಕ್ಕಳಿಗೆಂದೇ ಬೇರೆಯಾಗಿ ಬಿಗಿಯುವ ಕಾರ್ ಸೀಟಿನಲ್ಲಿ ಮಗುವಿಗೆ ದಪ್ಪ ಚಳಿ ಜಾಕೆಟ್ ಹಾಕಿ ಕೂರಿಸಬೇಡಿ. ಡಿಕ್ಕಿಯಾದಾಗ ಜಾಕೆಟ್ ಅಮುಕಿಕೊಂಡು ಪಟ್ಟಿ ಸಡಿಲವಾಗುತ್ತದೆ. ಪಟ್ಟಿ ಬಿಗಿದು, ಮೇಲೆ ಕಂಬಳಿ ಹೊದಿಸಿ. ಎದೆಯ ಕ್ಲಿಪ್ ಕಂಕುಳ ಮಟ್ಟಕ್ಕಿರಲಿ. ಭುಜದ ಬಳಿ ಪಟ್ಟಿಯನ್ನು ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಸೀಟು ಒಂದಿಂಚಿಗಿಂತ ಹೆಚ್ಚು ಸರಿಯಬಾರದು.

ಮಗುವಿನ ಆರೈಕೆ

ಹೊರಡುವ ಮೊದಲು ಅಥವಾ ಕುಟುಂಬ ಸೇರುವ ಮೊದಲು ಸುರಕ್ಷತೆಯ ಬಗ್ಗೆ 8 ಗಂಟೆ, ಮಕ್ಕಳ ಬೆಳವಣಿಗೆಯ ಬಗ್ಗೆ 24 ಗಂಟೆ ತರಬೇತಿ ಇರುತ್ತದೆ. ಕರ್ನಾಟಕದ ಮನೆಗಳಲ್ಲಿ ಬೆಳೆದವರು ಮರೆಯಬೇಕಾದ ಕೆಲವು ರೂಢಿಗಳಿವೆ. ಕೂಸು ಪಕ್ಕದಲ್ಲಿ ಮಲಗುವುದಿಲ್ಲ: ತೊಟ್ಟಿಲಲ್ಲಿ ಒಂದೇ, ಗಟ್ಟಿ ಹಾಸಿಗೆಯ ಮೇಲೆ, ಅಂಗಾತ, ದಿಂಬು, ಕಂಬಳಿ, ಬೊಂಬೆ ಯಾವುದೂ ಇರಬಾರದು. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ. ಹಿಂದೆ ಓಡಾಡಿ ತುತ್ತು ಹಾಕುವುದನ್ನು ಅಲ್ಲಿಯ ಅನೇಕ ತಂದೆ–ತಾಯಿ ಒಪ್ಪುವುದಿಲ್ಲ. ಬಡಿಸುವುದು ನಿಮ್ಮ ಕೆಲಸ, ಎಷ್ಟು ತಿನ್ನಬೇಕೆಂಬುದು ಮಗುವಿನದು. ಶೇಂಗಾ ಅಲರ್ಜಿ ಇರುವ ಮಕ್ಕಳು ಬಹಳ. ಊರಿಂದ ಒಯ್ದ ಚಟ್ನಿಪುಡಿ, ಚಿಕ್ಕಿಯನ್ನು ಕೇಳದೆ ಯಾವ ಮಗುವಿನ ಕೈಗೂ ಕೊಡಬೇಡಿ. ತುರ್ತಿಗೆ 911, ಮಗು ಔಷಧಿ ಅಥವಾ ಸಾಬೂನು ದ್ರಾವಣ ಕುಡಿದು ಎಚ್ಚರವಾಗಿಯೇ ಇದ್ದರೆ ವಿಷ ನಿಯಂತ್ರಣ ಕೇಂದ್ರದ 1-800-222-1222.

ಹೊಂದಾಣಿಕೆ ಆಗದಿದ್ದರೆ

ಪ್ರಾಯೋಜಕ ಸಂಸ್ಥೆಯ ಸ್ಥಳೀಯ ಪ್ರತಿನಿಧಿ ತಿಂಗಳಿಗೊಮ್ಮೆ ನಿಮ್ಮನ್ನು ಮಾತಾಡಿಸಲೇಬೇಕು. ಆಗ ‘ಎಲ್ಲ ಚೆನ್ನಾಗಿದೆ’ ಎಂದು ಹೇಳಿ ರಾತ್ರಿ ಅಳುವುದರಿಂದ ಪ್ರಯೋಜನವಿಲ್ಲ. ಬೇರೆ ಕುಟುಂಬಕ್ಕೆ ಹೋಗುವುದನ್ನು ರೀಮ್ಯಾಚ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ವಾರದ ಅವಕಾಶ ಸಿಗುತ್ತದೆ. ಹೊಸ ಕುಟುಂಬ ಕಾರಣ ಕೇಳುತ್ತದೆ. ‘ಒಪ್ಪಂದದಲ್ಲಿ 45 ಇತ್ತು, ನಾಲ್ಕು ವಾರ 53 ಆಯಿತು’ ಎಂದು ಗುರುತು ಹಾಕಿದ ಕ್ಯಾಲೆಂಡರ್ ತೋರಿಸಬಲ್ಲವರ ಮಾತಿಗೆ ತೂಕವಿರುತ್ತದೆ. ಪಾಸ್‌ಪೋರ್ಟ್ ಮತ್ತು ಡಿಎಸ್-2019 ಸದಾ ನಿಮ್ಮ ಬಳಿಯೇ ಇರಲಿ. ಜೋಪಾನ ಮಾಡುತ್ತೇವೆಂದು ಕೇಳಿದರೂ ಕೊಡಬೇಡಿ.

ವರ್ಷ ಮುಗಿದ ಮೇಲೆ 6, 9 ಅಥವಾ 12 ತಿಂಗಳು ವಿಸ್ತರಣೆ ಕೇಳಬಹುದು. ಬೇಡವೆಂದರೆ ಊರು ಸುತ್ತಲು 30 ದಿನ ಸಿಗುತ್ತದೆ. ಆ ದಿನಗಳಲ್ಲಿ ಕೆಲಸ ಮಾಡುವಂತಿಲ್ಲ, ಕೆನಡಾಕ್ಕೋ ಮೆಕ್ಸಿಕೊಕ್ಕೋ ಕಾಲಿಟ್ಟರೆ ಅದೇ ವೀಸಾದಲ್ಲಿ ಮರಳಿ ಬರುವಂತಿಲ್ಲ.