ಸಂಜೆ ಒಲೆ ಹಚ್ಚೋರು ಯಾರು?

ಒಂಬತ್ತನೇ ತರಗತಿಯ ಒಬ್ಬಳು ಹುಡುಗಿಯ ಹೋಂವರ್ಕ್ ಪುಸ್ತಕದಲ್ಲಿ ಮೊದಲ ಎರಡು ಲೆಕ್ಕ ಯಾವತ್ತೂ ಮುತ್ತು ಪೋಣಿಸಿದ ಹಾಗೆ ಇರುತ್ತಿದ್ದವು. ಮೂರನೆಯದು ಅರ್ಧಕ್ಕೇ ನಿಂತಿರುತ್ತಿತ್ತು. ಹಾಳೆಯ ಅಂಚಿನಲ್ಲಿ ರಾಗಿ ಹಿಟ್ಟಿನ ಬೆರಳಚ್ಚು. ಯಾಕಮ್ಮ ಅಂತ ಕೇಳಿದೆ. "ಎಸ್ರು ಬರೋಗಂಟ ಎರಡು ಲೆಕ್ಕ ಆಯ್ತದೆ ಮಿಸ್. ಆಮೇಲೆ ಹಿಟ್ಟು ಹಾಕ್ಬೇಕಲ್ಲ" ಅಂದಳು.

ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. "ತಾಯಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಮಕ್ಕಳ ಓದು ನೋಡೋರಿಲ್ಲ" ಅನ್ನುವ ಮಾತನ್ನು ಸ್ಟಾಫ್ ರೂಮಿನಲ್ಲಿ ಕೇಳಿ ಕೇಳಿ ನಾನೂ ನಂಬಿಬಿಟ್ಟಿದ್ದೆ. ಬಿ.ಎಡ್. ಓದುವಾಗ ಕೋಲ್‌ಮನ್ ವರದಿಯ ಬಗ್ಗೆ ಬರೆದಿದ್ದ ಟಿಪ್ಪಣಿಯೂ ತಲೆಯಲ್ಲಿತ್ತು. ಅಮೆರಿಕದಲ್ಲಿ ಸುಮಾರು 6 ಲಕ್ಷ ಮಕ್ಕಳನ್ನು ನೋಡಿ ಬರೆದ ಆ ವರದಿ 1966ರದು. ಮಕ್ಕಳ ಅಂಕಗಳಲ್ಲಿ ಕಾಣುವ ಹೆಚ್ಚುಕಮ್ಮಿಗೆ ಶಾಲೆಯ ಸಲಕರಣೆಗಿಂತ ಮನೆಯ ಹಿನ್ನೆಲೆಯೇ ದೊಡ್ಡ ಕಾರಣ ಅಂತ ಅದು ಹೇಳಿತ್ತು. ಮನೆ ಅಂದರೆ ಅದರಲ್ಲಿ ಯಾವುದು? ಅಪ್ಪನ ಕೆಲಸವೋ, ಅಮ್ಮನ ಸಂಬಳವೋ, ಮನೆಯಲ್ಲಿರುವ ಜನವೋ? ಆ ಬೆರಳಚ್ಚು ನೋಡಿದ ಮೇಲೆ ನನ್ನ ತರಗತಿಯ ಮಟ್ಟಿಗಾದರೂ ತಿಳಿದುಕೊಳ್ಳಬೇಕು ಅನ್ನಿಸಿತು.

ಮೊದಲ ಸಲ ತಪ್ಪು ಮಾಡಿದೆ. ಹಾಜರಿ ಕರೆದ ಹಾಗೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಅಪ್ಪ ಏನು ಕೆಲಸ, ಮನೆಯಲ್ಲಿ ಯಾರ್‍ಯಾರಿದ್ದಾರೆ ಅಂತ ಕೇಳಿಬಿಟ್ಟೆ. ಅಪ್ಪ ಮನೆ ಬಿಟ್ಟು ಹೋಗಿದ್ದ ಹುಡುಗನೊಬ್ಬ ಡೆಸ್ಕ್ ನೋಡುತ್ತಾ ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದಿನ ಸಲ "ನಿನ್ನೆ ಸಂಜೆ" ಅಂತ ಬೋರ್ಡಿನ ಮೇಲೆ ಬರೆದು, ಶಾಲೆ ಬಿಟ್ಟಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಅಂತ ಹತ್ತು ಸಾಲು ಬರೆಸಿದೆ. ಬೇಕಾದದ್ದೆಲ್ಲ ಅದರಲ್ಲೇ ಇತ್ತು. ಶಾಲೆಯ ದಾಖಲೆಯಲ್ಲಿ ತಂದೆಯ ಉದ್ಯೋಗ, ಆದಾಯ ಸಿಗುತ್ತದೆ. ಅಮ್ಮ ಬರೋದು ಎಷ್ಟು ಗಂಟೆಗೆ, ಬೆಳಿಗ್ಗೆ ಡೈರಿಗೆ ಹಾಲು ಹಾಕೋರು ಯಾರು, ಸಂಜೆ ಒಲೆ ಹಚ್ಚೋರು ಯಾರು ಅನ್ನೋದು ಸಿಗೋದಿಲ್ಲ. ಈ ಮೂರನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಟೆಸ್ಟ್ ಅಂಕಗಳ ಪಕ್ಕ ಬರೆದುಕೊಂಡೆ.

ನೋಡಿದರೆ ಸ್ಟಾಫ್ ರೂಮಿನ ಮಾತು ನಿಜವಾಗಿರಲಿಲ್ಲ. ಗಾರ್ಮೆಂಟ್ಸ್ ತಾಯಂದಿರ ಮಕ್ಕಳಲ್ಲಿ ಮನೆಯಲ್ಲಿ ಅಜ್ಜಿ ಇದ್ದವರು ಚೆನ್ನಾಗಿಯೇ ಓದುತ್ತಿದ್ದರು. ಅಜ್ಜಿಗೆ ಅಕ್ಷರ ಬರದಿದ್ದರೂ ಅನ್ನಕ್ಕಿಡಲು, ದನಕ್ಕೆ ಮೇವು ಹಾಕಲು ಒಂದು ಜೊತೆ ಕೈ ಇತ್ತು. ಅಜ್ಜಿ ಇಲ್ಲದ ಮನೆಯಲ್ಲಿ ಆ ಕೆಲಸವೆಲ್ಲ ದೊಡ್ಡ ಮಗಳ ತಲೆಗೆ. ಒಂದೇ ಮನೆಯಿಂದ ಬರುವ ಅಕ್ಕ-ತಮ್ಮ ಇದ್ದಾರೆ. ಅದೇ ಅಪ್ಪ ಅಮ್ಮ, ಅದೇ ಸಂಬಳ. ತಮ್ಮನ ಅಂಕ ಇದ್ದ ಹಾಗೇ ಇದೆ, ಅಕ್ಕನದು ಏಳನೇ ತರಗತಿ ದಾಟಿದ ಮೇಲೆ ಇಳಿಯುತ್ತಾ ಬಂದಿದೆ. ತಾಯಿಯ ದುಡಿಮೆಯೇ ಕಾರಣವಾಗಿದ್ದರೆ ಇಬ್ಬರದೂ ಇಳಿಯಬೇಕಿತ್ತಲ್ಲ? ಈ ಸಾಲನ್ನು ನೋಡಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಗದ್ದೆ ಕೆಲಸದ ಮನೆಗಳಲ್ಲೂ ಹೀಗೇ. ಕಬ್ಬು ಕಡಿಯುವ ಕಾಲಕ್ಕೆ ಹಾಜರಿ ಕುಸಿಯುತ್ತದೆ ಅನ್ನೋದು ಮಾತ್ರ ಬೇರೆ.

ಪೋಷಕರ ಸಭೆಯ ವಿಷಯವೂ ಆಗಲೇ ಅರ್ಥವಾಯಿತು. ನಾವು ಕರೆಯುತ್ತಿದ್ದದ್ದು ವಾರದ ದಿನ ಬೆಳಿಗ್ಗೆ 11 ಗಂಟೆಗೆ. ಒಬ್ಬ ತಾಯಿ ಫೋನಿನಲ್ಲಿ ಹೇಳಿದರು: "ಒಂದಿನ ರಜ ಹಾಕುದ್ರೆ ಆ ದಿನದ ಕೂಲಿನೂ ಹೋಯ್ತದೆ, ಅಟೆಂಡೆನ್ಸ್ ಬೋನಸ್ಸೂ ಹೋಯ್ತದೆ ಮೇಡಮ್. ಬರಕೆ ಮನ್ಸಿಲ್ಲ ಅಂತ ಅನ್ಕೋಬ್ಯಾಡಿ." ಹೆಡ್ ಮಾಸ್ಟರ್ ಒಪ್ಪಿಗೆ ಪಡೆದು ಸಭೆಯನ್ನು ಭಾನುವಾರ ಇಟ್ಟೆವು. ಅವತ್ತು ಬೆಂಚು ಸಾಲದೆ ಕೆಲವರು ಜಗುಲಿಯ ಮೇಲೆ ಕೂತರು.

ತರಗತಿಯಲ್ಲಿ ನಾನು ಬದಲಿಸಿದ್ದು ಹೆಚ್ಚೇನಲ್ಲ. ಮನೆಗೆ ಐದು ಲೆಕ್ಕ ಕೊಡುತ್ತಿದ್ದದ್ದನ್ನು ಮೂರಕ್ಕೆ ಇಳಿಸಿದೆ. ಉಳಿದದ್ದನ್ನು ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಕೂರಿಸಿ ಅಲ್ಲೇ ಮಾಡಿಸಿದೆ. ಮೊದಲ ವಾರ ಹುಡುಗರೇ ತುಂಬಿಕೊಂಡರು. ಬರಬೇಕಾದ ಹೆಣ್ಣುಮಕ್ಕಳು ಬ್ಯಾಗ್ ಹಾಕಿಕೊಂಡು ಮನೆಗೆ ಓಡಿದರು. ಹೊತ್ತು ತಪ್ಪಿದ್ದು ನನ್ನದೇ, ಆ ಹೊತ್ತಿಗೆ ಅವರಿಗೆ ಮನೆಯಲ್ಲಿ ಕೆಲಸವಿತ್ತು. ಅದನ್ನು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ತಂದೆ. ಗಾರ್ಮೆಂಟ್ಸ್ ಬಸ್ಸು ಏಳಕ್ಕೇ ಅಮ್ಮಂದಿರನ್ನು ಕರೆದುಕೊಂಡು ಹೋಗುತ್ತದೆ, ಆಮೇಲೆ ಮನೆಯಲ್ಲಿ ಹೆಚ್ಚು ಕೆಲಸ ಇರೋದಿಲ್ಲ. ಈಗ ಬರುತ್ತಾರೆ.

ರಾಗಿ ಹಿಟ್ಟಿನ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ. ಭಾನುವಾರದ ಸಭೆಗೆ ಅವಳ ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ಅವಳ ಪುಸ್ತಕವನ್ನು ಅಪ್ಪನ ಕೈಗೆ ಕೊಟ್ಟು, ನಿಂತುಹೋದ ಮೂರನೇ ಲೆಕ್ಕಗಳನ್ನು ಒಂದೊಂದೇ ತೋರಿಸಿದೆ. ಅವರು ಬಹಳ ಹೊತ್ತು ಹಾಳೆ ತಿರುವುತ್ತಿದ್ದರು. "ಪರೀಕ್ಷೆ ಮುಗಿಯೋಗಂಟ ಸಂಜೆ ಎಸ್ರು ನಾನೇ ಇಡ್ತೀನಿ ಮೇಡಮ್" ಅಂದರು. ವಾರದಲ್ಲಿ ಎರಡು ಮೂರು ದಿನ ಇಡುತ್ತಾರಂತೆ. ಆ ದಿನಗಳಲ್ಲಿ ಮೂರನೇ ಲೆಕ್ಕ ಪೂರ್ತಿಯಾಗಿ ಬರುತ್ತದೆ.